ಮೂಳೆಯೊಳಗಿನ ಕಾಡಿಗೆ

ದನದ ಕಾಲಿನಲ್ಲಿ, ಮೊಣಕಾಲಿನ ಕೆಳಗೆ, ಗೊರಸಿಗಿಂತ ಸ್ವಲ್ಪ ಮೇಲೆ, ಒಂದು ನೇರವಾದ ಮೂಳೆ ಇರುತ್ತದೆ. ಅದರ ಎರಡೂ ತುದಿಯ ಗಂಟು ಕತ್ತರಿಸಿದರೆ ಉಳಿಯುವುದು ಒಂದು ಕೊಳವೆ. ಮಜ್ಜೆ ತೆಗೆದರೆ ಒಳಗೆ ಟೊಳ್ಳು. ಗೋಡೆ ಗಟ್ಟಿ, ಹೊರಮೈ ನುಣುಪು. ಅಲ್ಲಿಗೆ ಡಬ್ಬಿಯ ಅರ್ಧ ಕೆಲಸ ಮುಗಿದ ಹಾಗೆಯೇ. ತಳಕ್ಕೊಂದು, ಬಾಯಿಗೊಂದು ಬಿರಡೆ ಹಾಕಿದರೆ ಆಯಿತು. ಸಾವಿರ ವರ್ಷದ ಹಿಂದೆ ಈಜಿಪ್ಟ್, ಸಿರಿಯಾ, ಇರಾನ್ ಕಡೆಯ ಕೆಲಸಗಾರರು ಇಂಥ ಮೂಳೆಗಳಿಂದಲೇ ಕಾಡಿಗೆ ಡಬ್ಬಿ ಮಾಡುತ್ತಿದ್ದರು. ಬೆರಳುದ್ದದ ಸಾಮಾನು. ಮೈಮೇಲೆ ಸಣ್ಣ ಸಣ್ಣ ವೃತ್ತ, ಗೆರೆ, ಕೆಲವೊಮ್ಮೆ ಬಳ್ಳಿ, ಹಕ್ಕಿ.

ಇಸ್ಲಾಮಿಕ್ ಕಲೆ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಗುಮ್ಮಟ, ನೀಲಿ ಹಂಚು, ರತ್ನಗಂಬಳಿ, ಕುರಾನಿನ ಚೆಂದದ ಕೈಬರಹ. ಮ್ಯೂಸಿಯಂಗಳಲ್ಲಿ ಜನ ನಿಂತು ನೋಡುವುದೂ ಅವನ್ನೇ. ಮೂಳೆಯ ಸಾಮಾನು ಇರುವುದು ಮೂಲೆಯ ಗಾಜಿನ ಪೆಟ್ಟಿಗೆಯಲ್ಲಿ, ಬಾಚಣಿಗೆ, ದಾಳ, ಗುಂಡಿಗಳ ಜೊತೆ. ನನಗೆ ಮಾತ್ರ ಆ ಮೂಲೆಯೇ ಇಷ್ಟ. ಯಾಕೆಂದರೆ ಅಲ್ಲಿ ಅಲಂಕಾರ ಹೇಗೆ ಹುಟ್ಟುತ್ತದೆ ಅನ್ನುವುದು ಬರಿಗಣ್ಣಿಗೇ ಕಾಣುತ್ತದೆ. ಆ ಕಾಲದ ಚಿತ್ತಾರವನ್ನೆಲ್ಲ ಧರ್ಮದಿಂದಲೋ ಅರಮನೆಯ ರುಚಿಯಿಂದಲೋ ವಿವರಿಸುವುದು ರೂಢಿ. ಈ ಪುಟ್ಟ ಡಬ್ಬಿಗಳನ್ನು ನೋಡುತ್ತಾ ಹೋದ ಹಾಗೆ ನನಗೆ ಬಲವಾಗಿ ಅನ್ನಿಸಿದ್ದು, ಅವುಗಳ ಆಕಾರವನ್ನೂ ಚಿತ್ತಾರವನ್ನೂ ಮೊದಲು ತೀರ್ಮಾನ ಮಾಡಿದ್ದು ಪ್ರಾಣಿಯ ಮೈ. ಆಮೇಲೆ ಕೆಲಸಗಾರನ ಕೈಯಲ್ಲಿದ್ದ ಬೈರಿಗೆ. ಉಳಿದದ್ದೆಲ್ಲ ಅದರ ನಂತರ.

ಮೊದಲು ಒಳಗಿನ ಪುಡಿಯ ವಿಷಯ. ನಮ್ಮ ಮನೆಗಳಲ್ಲಿ ಮಾಡುವ ಕಾಡಿಗೆ ದೀಪದ ಮಸಿಯದ್ದು, ತುಪ್ಪವನ್ನೋ ಹರಳೆಣ್ಣೆಯನ್ನೋ ಹಾಕಿ ಕಲಸಿದ್ದು. ಹಾಗಾಗಿ ಅದು ಮೆತ್ತಗೆ ಇರುತ್ತದೆ, ಅಗಲ ಬಾಯಿಯ ಡಬ್ಬಿ ಸಾಕು, ಬೆರಳಲ್ಲೇ ತೆಗೆದು ಹಚ್ಚಬಹುದು. ಅರಬರ ಕೊಹ್ಲ್, ಅಂದರೆ ನಮ್ಮಲ್ಲಿ ಸುರ್ಮಾ ಅನ್ನುವುದು, ಬೇರೆ. ಅದು ಕಲ್ಲಿನ ಪುಡಿ. ಹೊಳೆಯುವ ಕಡುಬೂದು ಬಣ್ಣದ ಅದಿರನ್ನು ಕುಟ್ಟಿ, ಅರೆದು, ಜರಡಿ ಹಿಡಿದು ಮಾಡಿದ್ದು. ಹಳೆಯ ಪಾತ್ರೆಗಳಲ್ಲಿ ಉಳಿದ ಪುಡಿಯನ್ನು ಪರೀಕ್ಷೆ ಮಾಡಿದಾಗ ಹೆಚ್ಚಾಗಿ ಸಿಗುವುದು ಗ್ಯಾಲೀನಾ, ಅಂದರೆ ಸೀಸದ ಸಲ್ಫೈಡ್. ಪುಸ್ತಕಗಳು ಹೊಗಳುವ ಇಥ್ಮಿದ್ ಅನ್ನು ಆಂಟಿಮನಿ ಅದಿರು ಅಂತ ಹೇಳುವುದುಂಟು. ಬಳಕೆಯಲ್ಲಿ ಸೀಸದ್ದೇ ಜಾಸ್ತಿ. ಇಸ್ಫಹಾನಿನ ಕಾಡಿಗೆಗೆ ದೊಡ್ಡ ಹೆಸರಿತ್ತು.

ಇದನ್ನು ಹೆಂಗಸರು ಮಾತ್ರ ಹಚ್ಚುತ್ತಿದ್ದರು ಅಂದುಕೊಳ್ಳಬೇಡಿ. ಗಂಡಸರು, ಮಕ್ಕಳು, ಮುದುಕರು ಎಲ್ಲರೂ ಹಚ್ಚುತ್ತಿದ್ದರು. ಇಥ್ಮಿದ್ ಹಚ್ಚಿದರೆ ದೃಷ್ಟಿ ಚುರುಕಾಗುತ್ತದೆ, ರೆಪ್ಪೆಯ ಕೂದಲು ಬೆಳೆಯುತ್ತದೆ ಅನ್ನುವ ಅರ್ಥದ ಮಾತು ಹದೀಸ್‌ಗಳಲ್ಲೇ, ಅಂದರೆ ಪ್ರವಾದಿಯವರ ನುಡಿ-ನಡೆಗಳ ಸಂಗ್ರಹದಲ್ಲೇ, ಬರುತ್ತದೆ. ಹಾಗಾಗಿ ಅದು ಸಿಂಗಾರವೂ ಹೌದು, ಮದ್ದೂ ಹೌದು, ಪ್ರವಾದಿಯವರ ನಡೆಯನ್ನು ಪಾಲಿಸುವುದೂ ಹೌದು. ಬಿಸಿಲು, ಧೂಳು, ನೊಣಗಳ ನಾಡಿನಲ್ಲಿ ಕಣ್ಣಿನ ಕಾಯಿಲೆ ಸಾಮಾನ್ಯ. ಬಾಗ್ದಾದಿನಲ್ಲಿ ಅಲಿ ಇಬ್ನ್ ಈಸಾ ಕಣ್ಣಿನ ಕಾಯಿಲೆಗಳ ಬಗ್ಗೆ ಬರೆದ ಪುಸ್ತಕವನ್ನು ನೂರಾರು ವರ್ಷ ಓದಿದರು. ಕೈರೋದಲ್ಲಿ ಅಮ್ಮಾರ್ ಅಲ್-ಮೌಸಿಲಿ ಟೊಳ್ಳು ಸೂಜಿಯಿಂದ ಕಣ್ಣಿನ ಪೊರೆಯನ್ನು ಹೀರಿ ತೆಗೆಯುವ ಬಗೆಯನ್ನು ಬರೆದಿಟ್ಟ. ಕಾರ್ಡೋಬಾದ ಅಲ್-ಝಹ್ರಾವಿ ತನ್ನ ದೊಡ್ಡ ವೈದ್ಯಗ್ರಂಥದ 30 ಭಾಗಗಳಲ್ಲಿ ಒಂದನ್ನು ಇಡಿಯಾಗಿ ಸಿಂಗಾರದ ಸಾಮಗ್ರಿಗಳಿಗೇ ಮೀಸಲಿಟ್ಟ. ಸಿಂಗಾರಕ್ಕೂ ವೈದ್ಯಕ್ಕೂ ನಡುವೆ ಅವರು ಗೋಡೆ ಕಟ್ಟಿರಲಿಲ್ಲ. ಇವತ್ತು ಸೀಸದ ಸುರ್ಮಾ ಮಕ್ಕಳ ಕಣ್ಣಿಗೆ ಬೇಡ ಅಂತ ವೈದ್ಯರು ಎಚ್ಚರಿಸುತ್ತಾರೆ. ಆ ಮಾತನ್ನು ಕೇಳಲೇಬೇಕು. ಸೀಸ ಮಗುವಿನ ಮೈ ಸೇರಿದರೆ ಮಿದುಳಿಗೇ ಪೆಟ್ಟು.

ಕಲಬುರಗಿಯಲ್ಲಿ ಬಂದೇನವಾಜ್ ದರ್ಗಾದ ಹತ್ತಿರ ಅತ್ತರು, ಸುರ್ಮಾ, ಟೋಪಿ ಮಾರುವ ಅಂಗಡಿಗಳಿವೆ. ಒಂದು ಸಲ ಅಲ್ಲಿ ಸುರ್ಮಾದಾನಿ ನೋಡುತ್ತಾ ನಿಂತಿದ್ದೆ. ಹಿತ್ತಾಳೆಯದ್ದು, ಉದ್ದ ಕುತ್ತಿಗೆಯದ್ದು. ಮುಚ್ಚಳ ಎತ್ತಿದರೆ ಅದಕ್ಕೇ ಅಂಟಿಕೊಂಡ ಕಡ್ಡಿ ಹೊರಗೆ ಬರುತ್ತದೆ. ಇಷ್ಟು ಸಣ್ಣ ಬಾಯಿ ಯಾಕೆ ಅಂತ ಅಂಗಡಿಯ ಹಿರಿಯರನ್ನು ಕೇಳಿದೆ. ಅವರು ಕಡ್ಡಿಯನ್ನು ಬಟ್ಟೆಯಲ್ಲಿ ಒರೆಸುತ್ತಾ ಹೇಳಿದರು: "ಪುಡಿಗೆ ಗಾಳಿ, ಹಸಿ ಎರಡೂ ಆಗಂಗಿಲ್ರಿ ಅಕ್ಕಾರ. ಬಾಯಿ ಸಣ್ಣದಿತ್ತಂದ್ರ ಕಡ್ಡಿ ಹೊರಗ ಬರೂಮುಂದ ಜಾಸ್ತಿ ಪುಡಿ ತಾನೇ ಒಳಗ ಬೀಳ್ತದ. ಕಣ್ಣಿಗಿ ಎಷ್ಟ್ ಬೇಕೋ ಅಷ್ಟೇ ಬರ್ತದ." 

ಅವರ ಈ ಮಾತು ನನಗೆ ತುಂಬ ಉಪಯೋಗಕ್ಕೆ ಬಂತು. ಮಧ್ಯಯುಗದ ಡಬ್ಬಿಗಳ ಕಿರಿದಾದ ಬಾಯಿಯನ್ನು ನಾನು ಅಲ್ಲಿಯವರೆಗೆ ಚೆಂದಕ್ಕಾಗಿ ಮಾಡಿದ್ದು ಅನ್ನುವ ಹಾಗೆ ನೋಡುತ್ತಿದ್ದೆ. ಮೂಳೆಯ ಕೊಳವೆ, ಕಲ್ಲಿನ ಪುಟ್ಟ ಕುಪ್ಪಿ, ನಾಲ್ಕು ಕಾಲಿನ ಮೇಲೆ ನಿಂತು ದವಡೆ ಹಲ್ಲಿನ ಹಾಗೆ ಕಾಣುವ ಗಾಜಿನ ಸೀಸೆ, ಎಲ್ಲದರಲ್ಲೂ ಅದೇ ಇಕ್ಕಟ್ಟಾದ ಬಾಯಿ, ಅದೇ ಉದ್ದನೆ ಟೊಳ್ಳು. ಹಚ್ಚುವ ಕಡ್ಡಿ ಕಂಚಿನದ್ದೋ ಮೂಳೆಯದ್ದೋ ಇರುತ್ತಿತ್ತು. ತುದಿ ಮಾತ್ರ ಸ್ವಲ್ಪ ದಪ್ಪ, ದುಂಡು, ಕಣ್ಣಿಗೆ ಚುಚ್ಚದ ಹಾಗೆ. ಇರಾನಿನ ನಿಶಾಪುರದಿಂದ ಹಿಡಿದು ಪ್ಯಾಲೆಸ್ತೀನಿನ ಕರಾವಳಿಯ ತನಕ ಅಗೆದಲ್ಲೆಲ್ಲ ಇಂಥ ಕಡ್ಡಿಗಳು ಸಿಕ್ಕಿವೆ.

ಇನ್ನು ಮೂಳೆಯ ಕೆಲಸ. ಹಸಿ ಮೂಳೆಯಲ್ಲಿ ಜಿಡ್ಡು ಇರುತ್ತದೆ. ಅದನ್ನು ತೆಗೆಯದೆ ಕೆತ್ತಿದರೆ ಆಮೇಲೆ ಹಳದಿಯಾಗುತ್ತದೆ, ವಾಸನೆ ಬರುತ್ತದೆ. ಹಾಗಾಗಿ ಮೊದಲು ನೀರಲ್ಲಿ ಕುದಿಸಿ, ಮಜ್ಜೆ ಕೆರೆದು, ಒಣಗಿಸಬೇಕು. ಆಮೇಲೆ ಗರಗಸದಲ್ಲಿ ತುದಿ ಕತ್ತರಿಸುವುದು. ಅರದಿಂದ ಉಜ್ಜಿ ಏರುತಗ್ಗು ತೆಗೆಯುವುದು. ದುಂಡಗೆ ಬೇಕಿದ್ದರೆ ಲೇತಿಗೆ ಹಾಕಿ ತಿರುಗಿಸುವುದು. ಆ ಕಾಲದ ಲೇತ್ ಅಂದರೆ ಬಿಲ್ಲಿನ ಹುರಿಯನ್ನು ಸಾಮಾನಿಗೆ ಸುತ್ತಿ ಹಿಂದೆ ಮುಂದೆ ಎಳೆಯುವುದು, ಇನ್ನೊಂದು ಕೈಯಲ್ಲಿ ಉಳಿ ಹಿಡಿಯುವುದು. ಕಂಠದ ಹತ್ತಿರ ಕಾಣುವ ಉಂಗುರದಂಥ ಗೆರೆಗಳು ಹೀಗೆ ಬಂದವು. ಕೊನೆಗೆ ನುಣ್ಣನೆ ಪುಡಿ ಹಾಕಿ ಉಜ್ಜಿದರೆ ಹೊಳಪು.

ಮೂಳೆಗೆ ಒಂದು ದೊಡ್ಡ ಮಿತಿ ಇದೆ. ಗೋಡೆ ತೆಳು. ದನದ ಕಾಲಿನ ಮೂಳೆಯಲ್ಲಿ ಕೆಲವೇ ಮಿಲಿಮೀಟರ್ ದಪ್ಪ ಸಿಗುತ್ತದೆ. ಒಂಟೆಯದ್ದಾದರೆ ಇನ್ನೂ ಸ್ವಲ್ಪ. ಉಳಿ ಆಳಕ್ಕೆ ಹೋದರೆ ಆಚೆ ಬದಿಗೆ ತೂತು. ಆದ್ದರಿಂದ ಮೂಳೆಯ ಕೆತ್ತನೆ ಯಾವಾಗಲೂ ಮೇಲುಮೇಲಿನದ್ದು. ಅಗಲವೂ ಸಿಗುವುದಿಲ್ಲ. ದೊಡ್ಡ ಪೆಟ್ಟಿಗೆಗೆ ಮೂಳೆ ಬೇಕೆಂದರೆ ಕಿರಿದಾದ ಪಟ್ಟಿಗಳನ್ನು ಸೀಳಿ, ಕೆತ್ತಿ, ಮರದ ಮೇಲೆ ಸಾಲಾಗಿ ಕೂರಿಸಬೇಕು. ಡಬ್ಬಿಗೆ ಆ ಕಷ್ಟ ಇಲ್ಲ. ಅದಕ್ಕೆ ಮೂಳೆ ಇರುವ ಹಾಗೆಯೇ ಒಪ್ಪುತ್ತದೆ.

ಕೊಳವೆಗೆ ತಳ ಇಲ್ಲ ಅಂದೆನಲ್ಲ. ತಳಕ್ಕೆ ಬೇರೆ ಬಿಲ್ಲೆ ಮಾಡಿ ಕೂರಿಸುತ್ತಿದ್ದರು. ಇವತ್ತು ಸಿಗುವ ಎಷ್ಟೋ ಡಬ್ಬಿಗಳಲ್ಲಿ ಆ ಬಿಲ್ಲೆ ಇಲ್ಲ, ಬಾಯಿಯ ಬಿರಡೆಯೂ ಇಲ್ಲ. ಆಚೆಯಿಂದ ಈಚೆಗೆ ಬೆಳಕು ಹಾಯುತ್ತದೆ. ಗೊತ್ತಿಲ್ಲದವರು ನೋಡಿದರೆ ಚಾಕುವಿನ ಹಿಡಿಕೆ ಅಂದುಕೊಳ್ಳಬೇಕು, ಹಾಗಿರುತ್ತದೆ.

ಈಗ ನನಗೆ ಬಹಳ ಇಷ್ಟವಾದ ಭಾಗ. ಈ ಡಬ್ಬಿಗಳ ಮೇಲೆ ಬೇರೆಲ್ಲಕ್ಕಿಂತ ಜಾಸ್ತಿ ಕಾಣುವ ಚಿತ್ತಾರ ಒಂದು ಚುಕ್ಕೆ, ಸುತ್ತ ಒಂದು ವೃತ್ತ. ಕೆಲವೊಮ್ಮೆ ಎರಡು ವೃತ್ತ. ಅಷ್ಟೇ. ಇದನ್ನೇ ಸಾಲಾಗಿ, ಹೂವಿನ ಹಾಗೆ ಗುಂಪಾಗಿ, ಓರೆ ಗೆರೆಗಳ ನಡುವೆ, ಅಂಚಿನ ಸುತ್ತ ಹಾಕುತ್ತಾರೆ. ನೋಡಿದರೆ ಕೈವಾರದಲ್ಲಿ ಒಂದೊಂದನ್ನೇ ಎಳೆದಷ್ಟು ಕರಾರುವಾಕ್ಕು. ಹಾಗೆ ಎಳೆದದ್ದಲ್ಲ. ಬೈರಿಗೆಯ ತುದಿಗೆ ವಿಶೇಷವಾದ ಒಂದು ಅಲಗು ಹಾಕುತ್ತಿದ್ದರು. ನಡುವೆ ಒಂದು ಉದ್ದನೆ ಮೊನೆ, ಪಕ್ಕದಲ್ಲಿ ಸ್ವಲ್ಪ ಗಿಡ್ಡ ಹಲ್ಲು. ಮೊನೆಯನ್ನು ಮೂಳೆಯ ಮೇಲೆ ಊರಿ ಬಿಲ್ಲನ್ನು ಒಂದೆರಡು ಸಲ ಎಳೆದರೆ ಮೊನೆ ಚುಕ್ಕೆ ಕೊರೆಯುತ್ತದೆ, ಹಲ್ಲು ಅದರ ಸುತ್ತ ವೃತ್ತ ಕೊರೆಯುತ್ತದೆ. ಒಂದು ಚಿತ್ತಾರಕ್ಕೆ ಕೆಲವೇ ಕ್ಷಣ. ಹಲ್ಲು ಎರಡಿದ್ದರೆ ಒಂದರೊಳಗೊಂದು ಎರಡು ವೃತ್ತ.

ಇದು ಗೊತ್ತಾದ ಮೇಲೆ ಡಬ್ಬಿಯನ್ನು ಹತ್ತಿರದಿಂದ ನೋಡಿದರೆ ಬೇರೆಯೇ ಕತೆ ಕಾಣುತ್ತದೆ. ವೃತ್ತಗಳ ಅಳತೆ ನೋಡಿ. ಒಂದೇ ಡಬ್ಬಿಯ ಮೇಲೆ ಒಂದೋ ಎರಡೋ ಅಳತೆ ಇರುತ್ತದೆ, ಅಷ್ಟೇ. ಅಂದರೆ ಕೆಲಸಗಾರ ಬಳಸಿದ್ದು ಒಂದೋ ಎರಡೋ ಅಲಗು. ಒಂದೊಂದು ವೃತ್ತವನ್ನೂ ಗಮನಿಸಿ. ಕೊಳವೆಯ ಮೈ ಬಾಗಿರುತ್ತದೆ. ಅಲಗಿನ ಹಲ್ಲು ಒಂದೇ ಮಟ್ಟದಲ್ಲಿ ಸುತ್ತುತ್ತದೆ. ಹಾಗಾಗಿ ಕೊಳವೆಯ ಉದ್ದಕ್ಕೆ ವೃತ್ತದ ಗೆರೆ ಆಳವಾಗಿ ಬೀಳುತ್ತದೆ, ಅಡ್ಡಕ್ಕೆ ಬರುವಾಗ ತೆಳುವಾಗುತ್ತದೆ. ಕೆಲವು ಕಡೆ ಪೂರಾ ಮಾಯವಾಗಿ ವೃತ್ತ ಎರಡು ಕಮಾನಾಗಿ ಒಡೆದಿರುತ್ತದೆ. ಇದರಿಂದಲೇ ಕೊಳವೆಯ ಮೇಲಿನ ವೃತ್ತಗಳು ಸದಾ ಸಣ್ಣವು. ದೊಡ್ಡದು ಹಾಕಿದರೆ ಕೂಡುವುದೇ ಇಲ್ಲ. ಮೊನೆ ಜಾರಿದ ಕಡೆ ಒಂದು ಗೀರು ಇರುತ್ತದೆ. ಸಾಲಿನ ಕೊನೆಗೆ ಬಂದಾಗ ಜಾಗ ಸಾಲದೆ ಕೊನೆಯ ವೃತ್ತ ಮೊದಲನೆಯದ್ದರ ಮೇಲೆ ಹತ್ತಿರುತ್ತದೆ. ಕೊರೆದ ಗುಂಡಿಗೆ ಕಪ್ಪು, ಕೆಲವೊಮ್ಮೆ ಕೆಂಪು ಬಣ್ಣ ತುಂಬಿ ಮೇಲೆ ಒರೆಸಿಬಿಟ್ಟರೆ ಬಿಳಿ ಮೂಳೆಯ ಮೇಲೆ ವೃತ್ತ ಎದ್ದು ಕಾಣುತ್ತದೆ. ಎಷ್ಟೋ ಕಡೆ ಆ ಬಣ್ಣ ಉದುರಿಹೋಗಿದೆ. ಮೂಲೆಯಲ್ಲಿ ಚೂರುಪಾರು ಉಳಿದಿರುತ್ತದೆ.

ಈ ಚುಕ್ಕೆ-ವೃತ್ತ ಕಣ್ಣಿನ ಗುರುತು, ದೃಷ್ಟಿ ತಾಗದಿರಲಿ ಅಂತ ಹಾಕಿದ್ದು ಅಂತ ಹೇಳುವ ವಿದ್ವಾಂಸರಿದ್ದಾರೆ. ಕಾಡಿಗೆ ಡಬ್ಬಿಯ ಮೇಲೆ ಕಣ್ಣು ಅನ್ನುವುದು ಕೇಳಲು ಬಹಳ ಚೆಂದ. ಆದರೂ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಇದೇ ಗುರುತು ದಾಳಗಳ ಮೇಲೆ ಸಂಖ್ಯೆಯಾಗಿ ಇದೆ. ಬಾಚಣಿಗೆಯ ಮೇಲಿದೆ, ಚಾಕುವಿನ ಹಿಡಿಕೆಯ ಮೇಲಿದೆ, ನೂಲುವ ಕದಿರಿನ ಬಿಲ್ಲೆಯ ಮೇಲಿದೆ. ಇಸ್ಲಾಂ ಹುಟ್ಟುವ ಎಷ್ಟೋ ಮೊದಲೇ ರೋಮನ್ನರ ಮೂಳೆ ಸಾಮಾನಿನ ಮೇಲೂ ಇದೆ. ಮೂಳೆಯೂ ಬೈರಿಗೆಯೂ ಜೊತೆಯಾದಲ್ಲೆಲ್ಲ ಇದು ಹುಟ್ಟಿಕೊಂಡಿದೆ. ಕೆಲಸಗಾರನ ಮಟ್ಟಿಗೆ ಇದು ಬೇಗ ಆಗುವ, ತಪ್ಪಾಗದ, ಮೂಳೆಯನ್ನು ಒಡೆಯದ ಚಿತ್ತಾರ. ಕೊಂಡುಹೋದ ಮನೆಯಲ್ಲಿ ಯಾರಾದರೂ ಅದರಲ್ಲಿ ಕಣ್ಣು ಕಂಡು ಸಮಾಧಾನಪಟ್ಟಿದ್ದರೆ, ಅದೂ ನಿಜವೇ. ದೃಷ್ಟಿಯ ಭಯ ಆ ನಾಡಿನಲ್ಲಿ ಕಮ್ಮಿ ಏನಿರಲಿಲ್ಲ.

ವೃತ್ತಗಳನ್ನು ಬಿಟ್ಟು ಉಳಿಯಲ್ಲಿ ಕೆತ್ತಿದ ಡಬ್ಬಿಗಳೂ ಪಟ್ಟಿಗಳೂ ಇವೆ. ಅವುಗಳ ಮೇಲೆ ದ್ರಾಕ್ಷಿಬಳ್ಳಿ, ಎದುರುಬದುರು ನಿಂತ ಹಕ್ಕಿ, ಓಡುವ ಮೊಲ. ಇರಾಕಿನ ಸಮಾರಾ ನಗರ 836ರಿಂದ 892ರವರೆಗೆ ಅಬ್ಬಾಸಿದ ಖಲೀಫರ ರಾಜಧಾನಿಯಾಗಿತ್ತು. ಅಲ್ಲಿನ ಗಾರೆ ಗೋಡೆಗಳ ಮೇಲೆ ಓರೆಯಾಗಿ ಕೊಯ್ದಂಥ ಒಂದು ಹೊಸ ಬಗೆಯ ಕೆತ್ತನೆ ಬೆಳೆಯಿತು. ಹಿನ್ನೆಲೆ ಅಂತ ಬೇರೆ ಇಲ್ಲ, ಒಂದು ಎಲೆಯ ಅಂಚೇ ಇನ್ನೊಂದು ಎಲೆಯ ಅಂಚು. ಅದು ಈಜಿಪ್ಟಿಗೂ ಬಂತು. ಕೈರೋದ ಇಬ್ನ್ ತುಲೂನ್ ಮಸೀದಿಯ ಕಮಾನುಗಳ ಒಳಬದಿಯ ಗಾರೆಯಲ್ಲಿ ಅದರ ಪ್ರಭಾವ ಕಾಣುತ್ತದೆ. ಮರದ ಹಲಗೆಗಳಿಗೂ ಅದು ಹಬ್ಬಿತು. ಆಳ ಬೇಡದ ಕೆತ್ತನೆ ಆದ್ದರಿಂದ ತೆಳು ಮೂಳೆಗೂ ಸುಲಭವಾಗಿ ಒಗ್ಗಿತು. ಗೋಡೆಯ ಮೇಲಿನ ದೊಡ್ಡ ಶೈಲಿಯೊಂದು ಬೆರಳುದ್ದದ ಸಾಮಾನಿಗೆ ಇಳಿದಾಗ ಅದರ ಗತ್ತು ಕಮ್ಮಿಯಾಗುವುದಿಲ್ಲ. ನನ್ನ ಕಣ್ಣಿಗೆ ಇನ್ನೂ ಚುರುಕಾಗಿಯೇ ಕಾಣುತ್ತದೆ.

ಇಸ್ಲಾಂನಲ್ಲಿ ಚಿತ್ರ ನಿಷಿದ್ಧ, ಹಾಗಾಗಿ ಬರೀ ಬಳ್ಳಿ ಮತ್ತು ಅಕ್ಷರ ಅಂತ ನಮ್ಮಲ್ಲಿ ಸಲೀಸಾಗಿ ಹೇಳಿಬಿಡುತ್ತಾರೆ. ಮಸೀದಿಯ ಮತ್ತು ಕುರಾನಿನ ಮಟ್ಟಿಗೆ ಅದು ಸರಿ. ಮನೆಯ ಸಾಮಾನಿನಲ್ಲಿ ಹಾಗಿರಲಿಲ್ಲ. ಫಾತಿಮಿದರು 969ರಿಂದ 1171ರವರೆಗೆ ಈಜಿಪ್ಟ್ ಆಳಿದರು. ಆ ಕಾಲದ ದಂತದ ಹಲಗೆಗಳು ಬರ್ಲಿನ್ನಿನಲ್ಲೂ ಫ್ಲಾರೆನ್ಸಿನಲ್ಲೂ ಇವೆ. ಅವುಗಳಲ್ಲಿ ಕೊಳಲು ಊದುವವರು, ಕುಣಿಯುವವರು, ಬೇಟೆಗಾರರು, ದ್ರಾಕ್ಷಿ ಕೊಯ್ಯುವವರು ತುಂಬಿಹೋಗಿದ್ದಾರೆ. ಇಡೀ ಒಂದು ಹಬ್ಬ ಅಲ್ಲಿದೆ.

ದಂತದ ಮಾತು ಬಂತಲ್ಲ, ಅದರ ಹತ್ತಿರ ಹೋಗಲೇಬೇಕು. ಹತ್ತನೇ ಶತಮಾನದ ಸ್ಪೇನಿನಲ್ಲಿ, ಕಾರ್ಡೋಬಾದ ಖಲೀಫರ ಅರಮನೆಯ ಸುತ್ತ, ದಂತದ ಭರಣಿಗಳನ್ನು ಕೆತ್ತುತ್ತಿದ್ದರು. ದುಂಡನೆ ಮೈ, ಗುಮ್ಮಟದಂಥ ಮುಚ್ಚಳ. ಆ ದುಂಡು ಎಲ್ಲಿಂದ ಬಂತು ಗೊತ್ತಾ? ಆನೆಯ ದಂತ ಬುಡದಲ್ಲಿ ಟೊಳ್ಳು. ಆ ಟೊಳ್ಳು ಭಾಗವನ್ನು ಅಡ್ಡಡ್ಡ ಕೊಯ್ದರೆ ಭರಣಿಯ ಮೈ ಸಿದ್ಧ. ದನದ ಕಾಲು ಬಡವರಿಗೆ ಏನು ಕೊಟ್ಟಿತೋ ಆನೆಯ ದಂತ ದೊರೆಗಳಿಗೂ ಅದನ್ನೇ ಕೊಟ್ಟಿತು. ವ್ಯತ್ಯಾಸ ಗೋಡೆಯ ದಪ್ಪದಲ್ಲಿ. ದಂತದಲ್ಲಿ ಉಳಿ ಆಳಕ್ಕೆ ಇಳಿಯಬಹುದು. ಸಿಂಹದ ಕಾಲು, ಹಕ್ಕಿಯ ಕೊಕ್ಕು ಹಿನ್ನೆಲೆಯಿಂದ ಎದ್ದು ನಿಲ್ಲುವಷ್ಟು.

ಪ್ಯಾರಿಸ್ಸಿನ ಲೂವ್ರ್‌ನಲ್ಲಿರುವ ಅಲ್-ಮುಘೀರಾನ ಭರಣಿ ಇವುಗಳಲ್ಲಿ ತುಂಬ ಹೆಸರುವಾಸಿ. 968ರ ಕೆಲಸ. ಎತ್ತರ ಒಂದು ಗೇಣಿಗಿಂತ ಕಮ್ಮಿ. ಎಂಟು ಎಸಳಿನ ನಾಲ್ಕು ಚೌಕಟ್ಟುಗಳು. ಒಂದರಲ್ಲಿ ಎರಡು ಸಿಂಹಗಳು ಎರಡು ಗೂಳಿಗಳ ಮೇಲೆ ಬಿದ್ದಿವೆ. ಇನ್ನೊಂದರಲ್ಲಿ ಕುದುರೆ ಮೇಲೆ ಕುಳಿತವರು ಖರ್ಜೂರ ಕೀಳುತ್ತಿದ್ದಾರೆ. ಮತ್ತೊಂದರಲ್ಲಿ ಹುಡುಗರು ಹದ್ದಿನ ಗೂಡಿಗೆ ಕೈ ಹಾಕಿದ್ದಾರೆ. ನಾಲ್ಕನೆಯದರಲ್ಲಿ ತಂತಿವಾದ್ಯ ನುಡಿಸುವವನು. ಮುಚ್ಚಳದ ಅಂಚಿಗೆ ಬರಹ: ಖಲೀಫನ ಮಗ ಅಲ್-ಮುಘೀರಾನಿಗೆ ದೇವರ ಆಶೀರ್ವಾದ, ಸುಖ, ಸಮೃದ್ಧಿ. ಇದಕ್ಕೂ ಮೊದಲು, 964ರಲ್ಲಿ, ಖಲೀಫ ಎರಡನೇ ಅಲ್-ಹಕಮ್ ತನ್ನ ಪ್ರೀತಿಯ ಸುಬ್ಹ್‌ಗಾಗಿ ಇನ್ನೊಂದು ಭರಣಿ ಮಾಡಿಸಿದ್ದ. ಅದು ಈಗ ಮ್ಯಾಡ್ರಿಡ್‌ನಲ್ಲಿದೆ. ಅದರ ತುಂಬ ಬಳ್ಳಿ, ನವಿಲು, ಜಿಂಕೆ. 976ರಲ್ಲಿ ಅಲ್-ಹಕಮ್ ತೀರಿಕೊಂಡ. ಸುಬ್ಹ್‌ಳ ಮಗ ಹಿಶಾಮ್ ಇನ್ನೂ ಹುಡುಗ. ಅವನ ದಾರಿಗೆ ಅಡ್ಡ ಬರಬಹುದು ಅಂತ ಆಸ್ಥಾನದವರು ಅಲ್-ಹಕಮ್‌ನ ತಮ್ಮ ಅಲ್-ಮುಘೀರಾನ ಕತ್ತು ಹಿಸುಕಿಸಿದರು. ಎರಡೂ ಭರಣಿಗಳು ಅದೇ ಅರಮನೆಯ ಸುತ್ತಿನವು. ಒಂದು ಕೊಲೆಯಾದವನದ್ದು, ಇನ್ನೊಂದು ಆ ಕೊಲೆಯಿಂದ ಯಾರ ಮಗ ಪಟ್ಟಕ್ಕೆ ಬಂದನೋ ಅವಳದ್ದು.

ನ್ಯೂಯಾರ್ಕಿನ ಹಿಸ್ಪಾನಿಕ್ ಸೊಸೈಟಿಯಲ್ಲಿರುವ ಭರಣಿ ತಾನೇ ಮಾತಾಡುತ್ತದೆ. ಖಲಫ್ ಅನ್ನುವವನು ಕೆತ್ತಿದ್ದು, ಹೆಸರೂ ಇದೆ. ಅದರ ಮೇಲಿನ ಪದ್ಯದಲ್ಲಿ ಭರಣಿ ತನ್ನ ಚೆಲುವನ್ನು ಹರೆಯದ ಹೆಣ್ಣಿನ ಎದೆಗೆ ಹೋಲಿಸಿಕೊಂಡು, ತಾನು ಕಸ್ತೂರಿ, ಕರ್ಪೂರ, ಅಂಬರ್ ಇಡುವ ಪಾತ್ರೆ ಅನ್ನುತ್ತದೆ. ಟಿಬೆಟ್ ಕಡೆಯ ಕಸ್ತೂರಿ, ಸುಮಾತ್ರಾ ಕಡೆಯ ಕರ್ಪೂರ, ಸಮುದ್ರದಲ್ಲಿ ತೇಲಿ ಬಂದ ಅಂಬರ್. ಅರ್ಧ ಲೋಕದ ಪರಿಮಳ ಒಂದು ದಂತದ ತುಂಡಿನಲ್ಲಿ.

ಹಾಗಿದ್ದರೆ ಎಲ್ಲರೂ ದಂತವನ್ನೇ ಯಾಕೆ ಬಳಸಲಿಲ್ಲ? ಬೆಲೆ ಅನ್ನುವುದು ಸುಲಭದ ಉತ್ತರ. ಆ ಬೆಲೆ ಯಾಕೆ ಅಷ್ಟು ಅನ್ನುವುದಕ್ಕೆ ಇತಿಹಾಸಕಾರ ಅಲ್-ಮಸೂದಿ ಒಂದು ಒಳ್ಳೆಯ ಸುಳಿವು ಕೊಡುತ್ತಾನೆ. ಬಾಗ್ದಾದಿನಲ್ಲಿ ಹುಟ್ಟಿ, ಪೂರ್ವ ಆಫ್ರಿಕಾದ ಕರಾವಳಿಯವರೆಗೆ ತಿರುಗಾಡಿ, 956ರಲ್ಲಿ ಈಜಿಪ್ಟಿನ, ಈಗಿನ ಕೈರೋದೊಳಗೇ ಸೇರಿಹೋದ ಫುಸ್ತಾತ್‌ನಲ್ಲಿ ತೀರಿಕೊಂಡವನು. ಝಂಜ್ ನಾಡಿನ, ಅಂದರೆ ಆ ಪೂರ್ವ ಆಫ್ರಿಕಾದ ಕರಾವಳಿಯ, ದಂತ ಓಮಾನಿಗೆ ಬಂದು, ಅಲ್ಲಿಂದ ಚೀನಾಕ್ಕೂ ಹಿಂದೂಸ್ತಾನಕ್ಕೂ ಹೋಗಿಬಿಡುತ್ತದೆ; ಹಾಗಾಗದಿದ್ದರೆ ಮುಸ್ಲಿಮರ ನಾಡಿನಲ್ಲಿ ದಂತ ಯಥೇಚ್ಛವಾಗಿರುತ್ತಿತ್ತು ಅನ್ನುವ ಅರ್ಥದಲ್ಲಿ ಬರೆಯುತ್ತಾನೆ. ಹಿಂದೂಸ್ತಾನದವರು ಅದರಲ್ಲಿ ಕತ್ತಿ-ಕಠಾರಿಯ ಹಿಡಿಕೆ, ಚದುರಂಗದ ಕಾಯಿ, ಪಗಡೆಯ ಸಾಮಾನು ಮಾಡುತ್ತಾರೆ ಅಂತಲೂ ಹೇಳುತ್ತಾನೆ. ಆನೆಗಳೇ ತುಂಬಿದ್ದ ನಮ್ಮ ನಾಡು ಆಫ್ರಿಕಾದ ದಂತವನ್ನೂ ಕೊಳ್ಳುತ್ತಿತ್ತು! ಇಲ್ಲಿನ ಗಿರಾಕಿ ಅಲ್ಲಿನ ಬೆಲೆಯನ್ನು ಏರಿಸಿದ. ಕೈರೋದ ಸಾಮಾನ್ಯ ಮನೆಗೆ ಉಳಿದದ್ದು ದನದ ಮೂಳೆ.

ಆದರೆ ಮೂಳೆ ಅಂದರೆ ದಂತ ಸಿಗದವರ ನಕಲು ಅಂತ ಬರೆದುಬಿಡುವವರ ಬಗ್ಗೆ ನನಗೆ ಬೇಜಾರಿದೆ. ಈಜಿಪ್ಟಿನಲ್ಲಿ ಮೂಳೆ ಕೆತ್ತನೆಗೆ ಅದರದ್ದೇ ಹಳೆಯ ಬಾಳು ಇತ್ತು. ಅಲೆಕ್ಸಾಂಡ್ರಿಯಾದ ಕೋಮ್ ಎಲ್-ದಿಕ್ಕಾದಲ್ಲಿ ಪೋಲೆಂಡಿನ ತಂಡ ಅಗೆದಾಗ ರೋಮನ್ನರ ಕಾಲದ ಕೊನೆಯ ಹೊತ್ತಿನ ಮೂಳೆ ಕೆಲಸದ ಜಾಗಗಳೇ ಸಿಕ್ಕವು. ಅರ್ಧ ಕೆತ್ತಿದ ತುಂಡು, ಬಿಸಾಕಿದ ಚೂರು ಎಲ್ಲ. 641ರ ಹೊತ್ತಿಗೆ ಅರಬರ ಸೇನಾಪತಿ ಅಮ್ರ್ ಇಬ್ನ್ ಅಲ್-ಆಸ್ ಫುಸ್ತಾತ್ ಕಟ್ಟಿದಾಗ ಆಳುವವರು ಬದಲಾದರು. ಗರಗಸ, ಬೈರಿಗೆ ಹಿಡಿದ ಕೈಗಳು ಬದಲಾಗಲಿಲ್ಲ. ಅವರು ಮಾಡಿದ ಮೂಳೆಯ ಗೊಂಬೆಗಳು ಇಸ್ಲಾಮಿಕ್ ಕಾಲದ ಮೊದಲ ಶತಮಾನಗಳವು ಎಷ್ಟೋ ಸಿಕ್ಕಿವೆ. ದಪ್ಪ ಕಣ್ಣು, ಕೆಲವಕ್ಕೆ ಬಣ್ಣವೂ ಇದೆ.

ಎರಡನ್ನೂ ಗುರುತಿಸುವುದು ಕಷ್ಟವಲ್ಲ. ಮೂಳೆ ಬದುಕಿದ್ದಾಗ ಅದರೊಳಗೆ ರಕ್ತ ಹರಿಯುತ್ತಿತ್ತು. ಆ ಸೂಕ್ಷ್ಮ ನಾಳಗಳು ಹೊಳಪು ಕೊಟ್ಟ ಮೈಮೇಲೆ ಸಣ್ಣ ಕಪ್ಪು ಚುಕ್ಕೆಗಳಾಗಿ, ಗೀರುಗಳಾಗಿ ಕಾಣುತ್ತವೆ. ದಂತದಲ್ಲಿ ಅವು ಇಲ್ಲ. ಅಡ್ಡ ಕೊಯ್ದ ಕಡೆ ಒಂದನ್ನೊಂದು ದಾಟುವ ಕಮಾನಿನಂಥ ಗೆರೆಗಳಿರುತ್ತವೆ. ಇಷ್ಟು ತಿಳಿದುಕೊಂಡು ಹೋದರೆ ಮ್ಯೂಸಿಯಂನಲ್ಲಿ ಗಾಜಿನ ಆಚೆಯಿಂದಲೂ ಹೇಳಬಹುದು.

ಫುಸ್ತಾತ್ ಹೆಸರು ಮತ್ತೆ ಮತ್ತೆ ಬರುವುದಕ್ಕೆ ಕಾರಣ ಇದೆ. 1168ರಲ್ಲಿ ಕ್ರುಸೇಡಿನ ಸೈನ್ಯ ಹತ್ತಿರ ಬಂದಾಗ ವಜೀರ ಶಾವರ್ ಆ ಊರಿಗೆ ಬೆಂಕಿ ಹಚ್ಚಿಸಿದ. ಆಮೇಲೆ ಅದರ ಬಹುಭಾಗ ಕೈರೋದ ಕಸ ಸುರಿಯುವ ದಿಬ್ಬವಾಯಿತು. ಸಾಮಾನ್ಯ ಜನರ ಸಾಮಾನು ಉಳಿಯಲು ಇಂಥ ಜಾಗವೇ ಬೇಕು. ಅಲಿ ಬಹ್ಗತ್ 1912ರಲ್ಲಿ ಅಗೆತ ಶುರು ಮಾಡಿದರು. 1964ರಿಂದ ಜಾರ್ಜ್ ಸ್ಕ್ಯಾನ್ಲನ್ ಅವರ ಅಮೆರಿಕನ್ ತಂಡ ಪದರ ಪದರವಾಗಿ ದಾಖಲಿಸುತ್ತಾ ಅಗೆಯಿತು.

ಅದೇ ಫುಸ್ತಾತ್‌ನ ಬೆನ್ ಎಜ್ರಾ ಸಿನಗಾಗ್‌ನ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದ, ಒಂದು ಕೋಣೆಯಲ್ಲಿ ಶತಮಾನಗಳ ಹಳೆ ಕಾಗದ ರಾಶಿ ಬಿದ್ದಿತ್ತು. 1896–97ರಲ್ಲಿ ಸಾಲೊಮನ್ ಷೆಕ್ಟರ್ ಅದರ ದೊಡ್ಡ ಪಾಲನ್ನು ಕೇಂಬ್ರಿಜ್‌ಗೆ ಸಾಗಿಸಿದರು. ಅದರಲ್ಲಿ ಮದುಮಗಳಿಗೆ ಕೊಟ್ಟ ಸಾಮಾನಿನ ಪಟ್ಟಿಗಳಿವೆ. ಬಟ್ಟೆ, ಒಡವೆ, ಹಾಸಿಗೆ, ತಾಮ್ರದ ಪಾತ್ರೆ, ಒಂದೊಂದಕ್ಕೂ ದಿನಾರ್ ಲೆಕ್ಕ. ಅವುಗಳ ನಡುವೆ ಕಾಡಿಗೆ ಡಬ್ಬಿ, ಕಡ್ಡಿ. ಬೆಳ್ಳಿಯದ್ದು, ಸ್ಫಟಿಕದ್ದು. ಲೆಕ್ಕಕ್ಕೆ ಬರುವುದನ್ನಲ್ಲವೇ ಪಟ್ಟಿ ಮಾಡುವುದು? ನಾಲ್ಕು ಕಾಸಿನ ಮೂಳೆ ಡಬ್ಬಿಗೆ ಇಂಥ ಪಟ್ಟಿಯಲ್ಲಿ ಏನು ಜಾಗ ಸಿಕ್ಕೀತು. ಕಾಗದ ಬೆಳ್ಳಿಯ ಕತೆ ಹೇಳುತ್ತದೆ, ಕಸದ ದಿಬ್ಬ ಮೂಳೆಯ ಕತೆ ಹೇಳುತ್ತದೆ. ಎರಡನ್ನೂ ಜೊತೆಗಿಟ್ಟು ನೋಡಿದಾಗ ಆ ಊರಿನ ಮನೆಗಳು ತುಂಬಿಕೊಳ್ಳುತ್ತವೆ.

ಆ ಕಾಗದದ ರಾಶಿಯಲ್ಲೇ ನಮ್ಮ ಮಂಗಳೂರೂ ಇದೆ ಅನ್ನುವುದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ. ಟುನೀಸಿಯಾದ ಮಹ್ದಿಯಾದಿಂದ ಬಂದ ಅಬ್ರಹಾಂ ಬೆನ್ ಯಿಜು ಅನ್ನುವ ಯಹೂದಿ ವ್ಯಾಪಾರಿ 1132ರಿಂದ 1149ರವರೆಗೆ ಹೆಚ್ಚಾಗಿ ಮಂಗಳೂರಿನಲ್ಲಿದ್ದ. ಅಲ್ಲಿ ಅವನದ್ದು ಕಂಚು-ಹಿತ್ತಾಳೆಯ ಕಾರ್ಖಾನೆ. ಯೆಮೆನಿನ ಬಂದರು ಏಡನ್ನಿನ ಗೆಳೆಯರು ಒಡೆದ ಪಾತ್ರೆ, ಹಳೆ ತಾಮ್ರ ಕಳಿಸಿ, ಹೀಗೆ ದೀಪ ಮಾಡಿಸು, ಹೀಗೆ ತಂಬಿಗೆ ಮಾಡಿಸು ಅಂತ ಬರೆಯುತ್ತಿದ್ದರು. ಮನೆಬಳಕೆಯ ಸಾಮಾನಿನ ಆಕಾರದ ಬಗ್ಗೆ ಆ ಜನಕ್ಕೆ ಎಷ್ಟು ಕಾಳಜಿ ಇತ್ತು ಅನ್ನುವುದು ಆ ಪತ್ರಗಳಲ್ಲಿ ಕಾಣುತ್ತದೆ.

ಕೊನೆಗೆ, ಮನಸ್ಸಿಗೆ ನೋವಾಗುವ ಒಂದು ಮಾತು. ಮೂಳೆ ಡಬ್ಬಿಗಳ ಚೀಟಿಗಳಲ್ಲಿ ಅನೇಕ ಸಲ "ಈಜಿಪ್ಟ್ ಅಥವಾ ಇರಾನ್, 9ರಿಂದ 11ನೇ ಶತಮಾನ" ಅಂತ ಇರುತ್ತದೆ. ಎಷ್ಟು ದೂರದ ಎರಡು ನಾಡು ನೋಡಿ! ಕಾರಣ, ಇಂಥವು ಅಗೆತದ ದಾಖಲೆಯಿಂದ ಬಂದವಲ್ಲ, ವ್ಯಾಪಾರಿಗಳ ಕೈಯಿಂದ ಬಂದವು. ಯಾವ ಮನೆ, ಯಾವ ಪದರ, ಜೊತೆಗೆ ಏನಿತ್ತು ಅನ್ನುವುದೆಲ್ಲ ಹೋಯಿತು. ಸಾಲದ್ದಕ್ಕೆ, ಮಾರುವ ಮೊದಲು ಒಳಗೂ ಹೊರಗೂ ತಿಕ್ಕಿ ತೊಳೆಯುತ್ತಾರೆ. ಕೊಳವೆಯ ಒಳಗೋಡೆಗೆ ಅಂಟಿದ ಒಂದು ಚಿಟಿಕೆ ಕಪ್ಪು ಪುಡಿ ಸಾಕು, ಅದು ಸೀಸವೋ ಮಸಿಯೋ ಮ್ಯಾಂಗನೀಸೋ ಅಂತ ಪ್ರಯೋಗಾಲಯದಲ್ಲಿ ಹೇಳಬಹುದು. ಕೆಲವೊಮ್ಮೆ ಸೀಸದ ಐಸೋಟೋಪ್ ನೋಡಿ ಅದಿರು ಯಾವ ಗಣಿಯ ಕಡೆಯದ್ದು ಅಂತಲೂ ಊಹಿಸಬಹುದು. ಹಾಗಾಗಿ ನಿಮ್ಮ ಮನೆಯ ಅಟ್ಟದಲ್ಲಿ ಅಜ್ಜಿಯ ಕಾಲದ ಕಾಡಿಗೆ ಡಬ್ಬಿಯೋ ಸುರ್ಮಾದಾನಿಯೋ ಸಿಕ್ಕಿದರೆ, ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಒಳಗಿರುವುದನ್ನು ಹಾಗೆಯೇ ಬಿಡಿ, ಯಾರದ್ದು, ಎಲ್ಲಿಂದ ಬಂತು ಅಂತ ಒಂದು ಚೀಟಿ ಬರೆದು ಜೊತೆಗಿಡಿ.